ಆಕ್ಟೋಪಸ್ ಕೈಗವಸೂ ನನ್ನ ಬಿಂಕವೂ

ಮಗಳು: ಅಮ್ಮಾ, ಅಷ್ಟು ಬಿಗಿಯಾಗಿ ಹಿಡೀಬೇಡ! ಮನೇಲಿ ಹೇಗೆ ಹಿಡೀತೀಯೋ ಹಾಗೇ ಹಿಡಿ.

ನಾನು: ಮನೇಲೂ ಹೀಗೇ ಹಿಡಿಯೋದು.

ಮಗಳು: ಹಾಗಾದ್ರೆ ನಮ್ಮ ಲೋಟಗಳೆಲ್ಲ ಯಾಕೆ ಸೊಟ್ಟಗಿವೆ?

ನಾನು: ಕೊಂಡಾಗಲೇ ಸೊಟ್ಟಗಿದ್ದವು.

ಮಗಳು ಕೆಲಸ ಮಾಡುವ ಪ್ರಯೋಗಶಾಲೆಯಲ್ಲಿ ಮೇಜಿನ ಮುಂದೆ ನಿಂತಿದ್ದೆವು. ನನ್ನ ಕೈಯಲ್ಲಿ ನೀರು ತುಂಬಿದ ಸ್ಟೀಲ್ ಲೋಟ, ಅದರ ಹೊರಗೆಲ್ಲ ಸೋಪು ಸವರಿತ್ತು. ಎದುರಿಗೆ ಅವಳ ಮೇಷ್ಟ್ರು. ಮೆತ್ತನೆಯ ರಬ್ಬರಿನಂಥದ್ದರಲ್ಲಿ ಅವಳು ಒಂದು ಕೈಗವಸು ಮಾಡಿದ್ದಳು. ಕೈಯಲ್ಲಿ ಕಸುವಿಲ್ಲದವರು ಅದನ್ನು ಹಾಕಿಕೊಂಡರೆ ಏನೂ ಜಾರುವುದಿಲ್ಲವಂತೆ. ಮೊದಲು ಬರಿಗೈಯಲ್ಲಿ ಹಿಡಿಯಬೇಕು, ಆಮೇಲೆ ಕೈಗವಸಿನಲ್ಲಿ. ವ್ಯತ್ಯಾಸ ಕಂಡರೆ ಅವಳ ಕೆಲಸ ಮುಂದುವರಿಯುತ್ತದೆ. ಕಾಣದಿದ್ದರೆ ಇವತ್ತಿಗೇ ಬಂದ್. ದಿನಾ ಪಾತ್ರೆ ಬೀಳಿಸಿ ಗೋಳಾಡುವವಳು ನಾನೇ ಆದ್ದರಿಂದ ನನ್ನನ್ನೇ ಕರೆತಂದಿದ್ದಳು. ಮೇಷ್ಟ್ರು ಬಾಯಿ ತೆರೆಯುವ ತನಕ ಎಲ್ಲವೂ ಸರಿಯಾಗಿತ್ತು.

ಮೇಷ್ಟ್ರು: ಪಾಪ, ಅಜ್ಜಿಗೆ ನಿಂತು ನಿಂತು ಕಷ್ಟ ಆಗ್ತಿದೆಯೇನೋ. ಕೂತ್ಕೊಳ್ಳಿ ಅಜ್ಜಿ.

ನಾನು: ಯಾರಿಗೆ ಅಜ್ಜಿ? ನಿಮ್ಮ ತಲೇಲಿ ಇರೋ ನಾಲ್ಕು ಕೂದಲಲ್ಲಿ ನಾಲ್ಕೂ ಬಿಳಿ.

ಮಗಳು: ಅಮ್ಮಾ!

ಮೇಷ್ಟ್ರು: ಇರಲಿ ಬಿಡಮ್ಮ. ಅಕ್ಕಾ ಅಂತೀನಿ. ಅಕ್ಕಾ, ನಿಮ್ಮ ಕೈ ನಡುಗುತ್ತಂತಲ್ಲ?

ನಾನು: ಯಾರು ಹೇಳಿದ್ದು?

ಮೊಣಕೈವರೆಗೂ ನರಗಳು ಹುರಿಗಟ್ಟಿದ್ದವು. ಹಲ್ಲು ಕಚ್ಚಿಕೊಂಡೇ ನಗುತ್ತಿದ್ದೆ. ಲೋಟ ಮಿಸುಕಲಿಲ್ಲ.

ಮೇಷ್ಟ್ರು: ಬರಿಗೈಯಲ್ಲೇ ಇಕ್ಕಳದ ಹಾಗೆ ಹಿಡಿದಿದ್ದಾರಲ್ಲಮ್ಮ. ಇವರಿಗೆ ನಿನ್ನ ಕೈಗವಸು ಯಾತಕ್ಕೆ?

ಮಗಳು: ನಂಬಿ ಸಾರ್, ಇವತ್ತು ಬೆಳಿಗ್ಗೆ ಕೂಡ ಹಾಲಿನ ಪಾತ್ರೆ ಬೀಳಿಸಿದ್ಲು.

ನಾನು: ಅದು ಬೆಕ್ಕು ಬೀಳಿಸಿದ್ದು.

ಮಗಳು: ನಮ್ಮನೇಲಿ ಬೆಕ್ಕೇ ಇಲ್ಲ!

ನಾನು: ಅದಕ್ಕೇ ಕೈಗೆ ಸಿಗಲಿಲ್ಲ.

ಮಗಳು ತಲೆ ಚಚ್ಚಿಕೊಂಡಳು. ಮಾತು ಬದಲಿಸೋಣವೆಂದು ನಾನು ಕೈಗವಸಿನ ಕಡೆ ಮೂತಿ ತಿರುಗಿಸಿದೆ.

ನಾನು: ಅಷ್ಟಕ್ಕೂ ಅದರಲ್ಲೇನಿದೆ? ಮುಟ್ಟಿದ್ರೆ ನುಣ್ಣಗಿದೆ. ಇನ್ನೂ ಜಾರುತ್ತೆ.

ಮಗಳು: ಎಷ್ಟು ಸಲ ಹೇಳಿದೀನಿ! ಸಮುದ್ರದಲ್ಲಿ ಎಂಟು ತೋಳಿನ ಆಕ್ಟೋಪಸ್ ಇರುತ್ತಲ್ಲ, ಅದರ ಚರ್ಮ ಈಗ ನುಣ್ಣಗಿರುತ್ತೆ, ಮರುಕ್ಷಣ ಮೈಯೆಲ್ಲ ಮುಳ್ಳುಮುಳ್ಳಾಗಿ ಎದ್ದುಬಿಡುತ್ತೆ. ಮೂಳೆಯಿಲ್ಲ, ಎಲ್ಲ ಚರ್ಮದೊಳಗಿನ ಸ್ನಾಯುಗಳ ಆಟ. ಅದನ್ನ ನೋಡ್ಕೊಂಡು ನಾವು, ಗಾಳಿ ತುಂಬಿದ್ರೆ ಗುಳ್ಳೆ ಎದ್ದು ಹಿಡಿತ ಸಿಗೋ ಹಾಗೆ ಇದನ್ನ ಮಾಡಿದೀವಿ.

ನಾನು: ಸುಮ್ಮಸುಮ್ಮನೆ ಮುಳ್ಳೇಳುತ್ತಾ ಆ ಪ್ರಾಣಿಗೆ?

ಮಗಳು: ಯಾರಾದ್ರೂ ಅಜ್ಜಿ ಅಂದಿರಬೇಕು.

ಮೇಷ್ಟ್ರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡು ಪೆನ್ನು ತೆಗೆದರು.

ಮೇಷ್ಟ್ರು: ವ್ಯತ್ಯಾಸ ಕಾಣಲಿಲ್ಲ ಅಂತ ಬರೆದುಬಿಡ್ತೀನಮ್ಮ. ಬೇಜಾರು ಮಾಡ್ಕೋಬೇಡ.

ಮಗಳು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚತೊಡಗಿದಳು. ಅವಳು ಜಗಳವಾಡಿದರೆ ತಡೆದುಕೊಳ್ಳಬಲ್ಲೆ, ಸುಮ್ಮನಾದರೆ ನನ್ನಿಂದಾಗದು.

ನಾನು: ಬರೀಬೇಡಿ ಮೇಷ್ಟ್ರೇ. ನಡುಗುತ್ತೆ.

ಮೇಷ್ಟ್ರು: ಏನು?

ನಾನು: ಕೈ. ಇಷ್ಟು ಹೊತ್ತು ಬಿಂಕ ಮಾಡ್ತಿದ್ದೆ. ಇನ್ನೊಂದು ಗಳಿಗೆ ಹೋಗಿದ್ರೆ ಲೋಟ ನಿಲ್ತಿತ್ತು, ನಾನು ಬೀಳ್ತಿದ್ದೆ.

ಬಿಗಿ ಸಡಿಲಿಸಿದ್ದೇ ತಡ, ಕೈ ತನ್ನ ಎಂದಿನ ಕುಣಿತ ಶುರುಮಾಡಿತು. ಲೋಟ ಜಾರಿ ಮೇಷ್ಟ್ರ ಬೂಟಿನ ಮೇಲೆ ಬಿತ್ತು.

ಮಗಳು: ನೋಡಿದ್ರಾ ಸಾರ್! ನೋಡಿದ್ರಾ!

ನಾನು: ಹೆತ್ತವಳ ಕೈ ಸೋತಿದ್ದಕ್ಕೆ ಇಷ್ಟು ಕುಣಿದಾಡೋ ಮಗಳನ್ನ ನಾನೆಲ್ಲೂ ಕಂಡಿಲ್ಲ.

ಒದ್ದೆ ಬೂಟಿನಲ್ಲೇ ಮೇಷ್ಟ್ರು ಲೋಟ ತುಂಬಿಸಿ ಕೊಟ್ಟರು. ಮಗಳು ಕೈಗವಸು ತೊಡಿಸಿ, ಅದಕ್ಕೆ ಕೊಳವೆಯಿಂದ ಜೋಡಿಸಿದ್ದ, ಬಿಪಿ ನೋಡುವ ಡಾಕ್ಟರರ ಬಳಿ ಇರುವಂಥ ರಬ್ಬರ್ ಉಂಡೆಯನ್ನು ಹಿಸುಕಿದಳು. ಕೈಗವಸಿನ ಅಂಗೈಯಲ್ಲಿ ಗುಳ್ಳೆಗಳೆದ್ದವು, ಬೆರಳುಗಳು ಉಬ್ಬಿ ಲೋಟವನ್ನು ಅಪ್ಪಿಕೊಂಡವು. ಕೈ ನಡುಗಿತು, ಜೊತೆಗೆ ಲೋಟವೂ ನಡುಗಿತು, ಆದರೆ ಜಾರಲಿಲ್ಲ.

ಮೇಷ್ಟ್ರು: ಭಲೇ! ಸಾಕು ಅಕ್ಕಾ, ಕೆಳಗಿಡಿ.

ನಾನು: ಆಗ್ತಿಲ್ಲ.

ಮಗಳು: ಮತ್ತೆ ಬಿಂಕ ಶುರುವಾಯ್ತಾ? ಬಿಡಮ್ಮಾ.

ನಾನು: ನಾನು ಬಿಟ್ಟಾಯ್ತು ಕಣೇ. ನಿನ್ನ ಆಕ್ಟೋಪಸ್ ಬಿಡ್ತಿಲ್ಲ!

ಮಗಳು ಉಂಡೆಯ ತಿರುಪು ತಿರುಗಿಸಿದಳು, ಕೊಳವೆ ಕಿತ್ತಳು. ಒಳಗೆ ಸಿಕ್ಕಿಕೊಂಡ ಗಾಳಿ ಇಳಿಯಲಿಲ್ಲ. ಅವಳು ನನ್ನನ್ನು ಹಿಡಿದು, ಮೇಷ್ಟ್ರು ಲೋಟ ಹಿಡಿದು ಎಳೆದರು. ನೀರೆಲ್ಲ ಮೇಷ್ಟ್ರ ಅಂಗಿಗಾಯಿತು.

ಮಗಳು: ಸಾರ್... ಹಿಡಿಯೋದರ ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ.

ಮೇಷ್ಟ್ರು: ಹಿಡಿಯೋದು ಗೆದ್ದಿದೀಯ. ಬಿಡಿಸೋದಕ್ಕೆ ಇನ್ನೊಂದು ವರ್ಷ ತಗೋ. ಹಾಗಂತಲೇ ಬರೀತೀನಿ.

ಮಗಳು: ಅಯ್ಯೋ ಥ್ಯಾಂಕ್ಸ್ ಸಾರ್!

ನಾನು: ಅಲ್ರೀ, ಒಂದು ವರ್ಷ ನಾನು ಹೀಗೇ ಇರಬೇಕಾ?

ಮೇಷ್ಟ್ರು: ಛೇ ಛೇ, ಕತ್ತರಿ ತರ್ತೀನಿ ಅಕ್ಕಾ.

ನಾನು: ಕತ್ತರಿ ಗಿತ್ತರಿ ಮುಟ್ಟಿದ್ರೆ ನೋಡಿ! ಮಗಳು ಕಷ್ಟಪಟ್ಟು ಮಾಡಿದ್ದು. ಅದಾಗೇ ಬಿಡೋ ತನಕ ಹೀಗೇ ಇರ್ತೀನಿ.

ಮೇಷ್ಟ್ರು: ಅದು ನಾನು ಚಹಾ ಕುಡಿಯೋ ಲೋಟ!

ನಾನು: ನನಗೆ ಬಹುಮಾನ ಕೊಟ್ಟೆ ಅಂದ್ಕೊಳ್ಳಿ. ಬಸ್ಸಿನಲ್ಲಿ ಕೇಳಿದೋರಿಗೆ ನಾನೂ ಹಾಗೇ ಹೇಳ್ತೀನಿ.