ಗೆರೆ ಕುಣಿದ ದಿನ

ಕಂಪ್ಯೂಟರಿನ ಪರದೆಯ ಮೇಲೆ ಗೆರೆಯೊಂದು ತಲೆಯೆತ್ತಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

ಸಪಾಟಪ್ಪ ವರ್ಷಗಟ್ಟಲೆ ಒಂದೇ ಗ್ಯಾಲಕ್ಸಿಯಿಂದ ಬರುವ ರೇಡಿಯೋ ಅಲೆಗಳನ್ನು ಅಳೆಯುತ್ತಿದ್ದ. ಅದರ ನಡುವಿನ ಕಪ್ಪುಕುಳಿ ಇವತ್ತಲ್ಲ ನಾಳೆ ಕೆರಳುತ್ತದೆ ಎಂದು ನಂಬಿದ್ದ. ಗೆರೆ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಸಪಾಟಾಗಿರುತ್ತಿತ್ತು. ವೀಕ್ಷಣಾಲಯದವರು ಅವನಿಗೆ ಆ ಹೆಸರಿಟ್ಟದ್ದೂ ಅದಕ್ಕೇ. ಆ ದಿನ ಸಂಜೆ ನಿರ್ದೇಶಕರು ಅವನ ಕೆಲಸವನ್ನೇ ನಿಲ್ಲಿಸುವವರಿದ್ದರು. ಅಂಥ ದಿನವೇ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಅಲೆಗಳು ಕಂಪಿಸುವ ದಿಕ್ಕೂ ಗಡಿಯಾರದ ಮುಳ್ಳಿನಂತೆ ತಿರುಗತೊಡಗಿತು.

“ಅಕ್ಕಪಕ್ಕ ಯಾವುದೋ ಯಂತ್ರ ಓಡ್ತಿರಬೇಕು ಕಣ್ರೀ,” ಎಂದರು ನಿರ್ದೇಶಕರು, ಫೋನಿನಲ್ಲೇ ಆಕಳಿಸುತ್ತಾ. “ಹುಡುಕಿ ಹೇಳಿ.”

ಸಪಾಟಪ್ಪ ಭಾರವಾಗಿ ಎದ್ದ. ಕ್ಯಾಂಟೀನಿನ ಓವನ್ ಆರಿಸಿದ.

“ಎಲ್ಲಾರೂ ತಣ್ಣಗಿರೋದನ್ನೇ ತಿನ್ನಿ, ಸಾಹೇಬ್ರ ನಕ್ಷತ್ರಕ್ಕೆ ಸೆಕೆಯಂತೆ!” ಎಂದು ಅಡಿಗೆಯವನು ಸೌಟು ಕುಕ್ಕಿದ.

ಗೆರೆ ಕುಣಿಯುತ್ತಲೇ ಇತ್ತು. ಬೀದಿಯ ವೆಲ್ಡಿಂಗ್ ಅಂಗಡಿಯವನ ಕೈಕಾಲು ಹಿಡಿದು ಕೆಲಸ ನಿಲ್ಲಿಸಿದ. ಆಗಲೂ ಕುಣಿಯಿತು. ಉಳಿದದ್ದು ಕಾಂಪೌಂಡಿಗೆ ಅಂಟಿಕೊಂಡ ಮನೆ. ಅಲ್ಲಿ ನಿವೃತ್ತ ಟೀಚರಮ್ಮನ ವಾಷಿಂಗ್ ಮಷೀನು ಗುಡುಗುತ್ತಿತ್ತು.

“ಅಮ್ಮಾ, ಸ್ವಲ್ಪ ನಿಲ್ಲಿಸ್ತೀರಾ?”

“ನಿಲ್ಲಿಸ್ತೀನಪ್ಪಾ. ಒಳಗಿರೋದನ್ನೆಲ್ಲಾ ನೀನು ಹಿಂಡಿಕೊಡ್ತೀಯಾ?”

“ಕೊಡ್ತೀನಿ,” ಎಂದು ಪ್ಲಗ್ ಕಿತ್ತ. ಅವರ ಫೋನಿನಿಂದಲೇ ವೀಕ್ಷಣಾಲಯಕ್ಕೆ ಕರೆ ಮಾಡಿದ.

“ಸರ್, ಗೆರೆ ಮಲಗಿಬಿಡ್ತು!” ಎಂದಳು ಪರದೆಯ ಮುಂದೆ ಕೂತಿದ್ದ ಸಹೋದ್ಯೋಗಿ.

ಖಾತ್ರಿಗೆ ಪ್ಲಗ್ ಮತ್ತೆ ಹಾಕಿ ನೋಡಬೇಕಿತ್ತು. ಅದಕ್ಕೂ ತ್ರಾಣವಿರಲಿಲ್ಲ. ನಿರ್ದೇಶಕರಿಗೆ ಫೋನ್ ಮಾಡಿದ. “ನೀವು ಹೇಳಿದ್ದೇ ಸರಿ ಸರ್. ವಾಷಿಂಗ್ ಮಷೀನು.”

“ನಾನು ಹೇಳ್ಲಿಲ್ವೇ? ನಾಳೆಯಿಂದ ಆಂಟೆನಾ ಬೇರೆಯವರಿಗೆ.”

ಸಪಾಟಪ್ಪ ಅಂಗಿಯ ತೋಳು ಮಡಿಸಿ ಹಿತ್ತಲಲ್ಲಿ ಬೆಡ್‌ಶೀಟು ಹಿಂಡುತ್ತಿದ್ದಾಗ ಸಹೋದ್ಯೋಗಿ ಏದುಸಿರು ಬಿಡುತ್ತಾ ಓಡಿಬಂದಳು.

“ಸರ್, ಸಮುದ್ರದಾಚೆಯ ವೀಕ್ಷಣಾಲಯದವರು ಫೋನ್ ಮಾಡಿದ್ರು! ಅವರಿಗೂ ಅದೇ ಏರಿಳಿತ ಕಂಡಿದೆ, ದಿಕ್ಕೂ ಹಾಗೇ ತಿರುಗಿದೆ. ನಮ್ಮ ಗೆರೆ ಮಲಗಿದ ಹೊತ್ತಿಗೇ ಅಲ್ಲೂ ಮಲಗಿತಂತೆ. ನಿಮಗೂ ಕಾಣಿಸ್ತಾ ಅಂತ ಕೇಳಿದ್ರು.”

ಸಪಾಟಪ್ಪ ತಟ್ಟನೆ ತಿರುಗಿದ. “ನೀವೇನಂದ್ರಿ?”

“ನಾನು ಲೈನನ್ನ ನೇರ ಡೈರೆಕ್ಟರಿಗೇ ಕೊಟ್ಟೆ. ಅವರು, ‘ಇಲ್ಲಪ್ಪ, ನಮಗೆ ಕಂಡಿದ್ದು ವಾಷಿಂಗ್ ಮಷೀನು’ ಅಂದ್ಬಿಟ್ರು. ಹಾಗಾದ್ರೆ ಕಪ್ಪುಕುಳಿ ಕೆರಳಿದ್ದು ಕಾಣಿಸಿದ್ದು ತಮಗೊಬ್ಬರಿಗೇ ಅಂತ ಆ ಕಡೆಯವರು ಆಗಲೇ ಪ್ರಕಟಣೆ ಕೊಟ್ಟಾಯ್ತು.”

ಸಪಾಟಪ್ಪ ತೊಟ್ಟಿಕ್ಕುವ ಬೆಡ್‌ಶೀಟು ಹಿಡಿದು ನಿಂತೇ ಇದ್ದ.

“ಯಾಕಪ್ಪಾ ನಿಲ್ಲಿಸ್ದೆ?” ಟೀಚರಮ್ಮ ಒಳಗಿನಿಂದ ಕೂಗಿದರು. “ದಿಂಬಿನ ಕವರುಗಳು ಇನ್ನೂ ಹಾಗೇ ಇವೆ.”