ಕಪಿಲೆಯ ಹೆಸರು ಯಾರ ಹೆಸರಿನಲ್ಲಿ?

ಹೆಂಡತಿಗೊಂದು ಉಡುಗೊರೆ ಕೊಟ್ಟ ಗಂಡಸು ಒಂದೆರಡು ವಾರ ಎದೆಯುಬ್ಬಿಸಿಕೊಂಡು ಓಡಾಡುತ್ತಾನೆ. ನಾನು ವರ್ಷಗಟ್ಟಲೆ ಓಡಾಡಿದೆ. ಏಕೆಂದರೆ ನಾನು ಕೊಟ್ಟದ್ದು ಸೀರೆಯಲ್ಲ, ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ. ನನ್ನವಳ ಹೆಸರು ಕಪಿಲೆ. ನಂಜನಗೂಡಿನಲ್ಲಿ ನಮ್ಮ ಬೀದಿಯ ಕೊನೆಗೆ ಹರಿಯುವ ಹೊಳೆಯ ಹೆಸರೂ ಅದೇ. ಆ ಹೆಸರಿನ ವೆಬ್‌ಸೈಟ್ ವಿಳಾಸ ಯಾರಿಗೂ ಬೇಡವಾಗಿ ಬಿದ್ದಿರುವುದನ್ನು ಕಂಡು ನೋಂದಾಯಿಸಿಬಿಟ್ಟೆ.

ಮದುವೆಗೆ ಮುಂಚೆ ಅವಳು ಬದನವಾಳಿನಲ್ಲಿ ಖಾದಿ ನೂಲಿಗೆ ಬಣ್ಣ ಹಾಕುತ್ತಿದ್ದವಳು. ದಿನಾ ಬೆಳಿಗ್ಗೆ ಹೊಳೆಗಿಳಿಯುವ ಮೆಟ್ಟಿಲುಗಳ ಸೋಪಾನಕಟ್ಟೆಯ ಮೇಲೆ ಕುಳಿತು, ಆವತ್ತಿನ ನೀರಿನ ಬಣ್ಣವನ್ನು ಒಂದೇ ಸಾಲಿನಲ್ಲಿ ಆ ಸೈಟಿನಲ್ಲಿ ಬರೆಯತೊಡಗಿದಳು. ‘ಇವತ್ತು ಹೆಸರುಬೇಳೆ ತೊಳೆದ ನೀರು.’ ‘ಇವತ್ತು ಹಳೇ ಬೆಳ್ಳಿ ಲೋಟದ ಒಳಮೈ.’ ‘ಇವತ್ತು ಬಣ್ಣವೇ ಇಲ್ಲ, ಮಂಜು ಕುಡಿದುಬಿಟ್ಟಿದೆ.’ ಓದಿದವರಿಗೆ ಸ್ವಲ್ಪ ಹೊತ್ತು ಕೆಲಸವೇ ಬೇಡವೆನಿಸುತ್ತಿತ್ತಂತೆ. ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಖಾತೆಗಳ ಮುಂದೆ ಕುಳಿತ ನನಗಂತೂ ಇಡೀ ದಿನ ಬೇಡವೆನಿಸುತ್ತಿತ್ತು. ಅದಕ್ಕೆ ಹೊಳೆಯೊಂದೇ ಕಾರಣವೆಂದು ಹೇಳಲಾರೆ.

ಹೀಗಿರುವಾಗ ಎಲ್ಲಿಯದೋ ಒಂದು ಕೂದಲೆಣ್ಣೆ ಕಂಪನಿ ನನ್ನ ಮೇಲೆ ದೂರು ಕೊಟ್ಟಿತು. ‘ಕಪಿಲೆ’ ತಮ್ಮ ಟ್ರೇಡ್‌ಮಾರ್ಕ್, ನಾನು ದುರುದ್ದೇಶದಿಂದ ಆ ವಿಳಾಸವನ್ನು ಹಿಡಿದಿಟ್ಟುಕೊಂಡಿದ್ದೇನೆ, ಅದನ್ನು ತಮಗೆ ಕೊಡಿಸಬೇಕು ಎಂದು. ಮಧ್ಯಸ್ಥಗಾರರೊಬ್ಬರು ತೀರ್ಮಾನಿಸುತ್ತಾರಂತೆ.

“ಎಣ್ಣೆಯೋರು ಬಂದು ನನ್ನ ಹೆಸರು ಕೇಳ್ತಾರಾ?” ಎಂದಳು ಕಪಿಲೆ. ಆವತ್ತು ನೀರಿನ ಬಣ್ಣ ಬರೆಯಲಿಲ್ಲ.

ಇಬ್ಬರೂ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆವು. ಅವಳ ತಂಗಿಯ ಗಂಡ ಮಾದೇಶ ಅಲ್ಲಿ ವಕೀಲ.

“ಹೆದರ್ಕೋಬೇಡಿ ಅಣ್ಣ,” ಎಂದ. “ಟ್ರೇಡ್‌ಮಾರ್ಕ್ ಇದ್ದ ಮಾತ್ರಕ್ಕೆ ಕಿತ್ಕೊಳೋಕಾಗಲ್ಲ. ನೋಂದಾಯಿಸಿದೋರಿಗೂ ಹಕ್ಕು ಅದೆ. ನಿಮಗೆ ಹಕ್ಕಿಲ್ಲ, ದುರುದ್ದೇಶ ಅದೆ ಅಂತ ಅವರೇ ತೋರಿಸ್ಬೇಕು. ಜನ ಆ ಹೆಸರಿಂದಲೇ ಕರೀತಾರೆ ಅಂದ್ರೆ ಅದೂ ಒಂದು ಹಕ್ಕು. ಅತ್ಗೆ ಹೆಸರೇ ಕಪಿಲೆ ಅಲ್ವಾ! ಸೈಟು ಅವರ ಹೆಸರಲ್ಲೇ ಅದೆ ತಾನೆ?”

ನಾನು ಕಿಟಕಿಯಾಚೆ ನೋಡಿದೆ. “ನನ್ನ ಹೆಸರಲ್ಲಿದೆ.”

ಮಾದೇಶ ಪೆನ್ನು ಕೆಳಗಿಟ್ಟ. “ಅಣ್ಣ, ನಿಮ್ಮನ್ನ ಯಾರಾದ್ರೂ ಕಪಿಲೆ ಅಂತ ಕರೀತಾರಾ?”

ಕಪಿಲೆ ನಗಲಿಲ್ಲ. “ಬೆಳಗಾದ್ರೆ ಊರೋರ್ನೆಲ್ಲ ಖಾತೆ ಯಾರ ಹೆಸರಲ್ಲಿ ಅದೆ ಅಂತ ಕೇಳ್ತೀರಿ. ನಿಮ್ಮನ್ನ ನೀವು ಒಂದ್ಸಲ ಕೇಳ್ಕೋಬಾರ್ದಿತ್ತಾ?”

“ಈಗ್ಲೇ ಇವಳ ಹೆಸರಿಗೆ ಮಾಡ್ಬಿಡ್ಲಾ?” ಎಂದು ಮಾದೇಶನನ್ನು ಕೇಳಿದೆ.

“ಕೇಸು ಮುಗಿಯೋಗಂಟ ಆಗಲ್ಲ ಅಣ್ಣ. ವಿಳಾಸನ ಲಾಕ್ ಮಾಡವ್ರೆ.”

ಬರುವಾಗ ತಿರುಮಕೂಡಲಿನಲ್ಲಿ ಕುಳಿತೆವು. ಕಪಿಲೆ ಕಾವೇರಿಯೊಳಗೆ ಸೇರುವ ಜಾಗ. ಎರಡು ನೀರೂ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿದು, ಮಾತು ಮರೆತವರ ಹಾಗೆ ನಿಧಾನವಾಗಿ ಒಂದಾಗುತ್ತಿದ್ದವು.

“ಇಲ್ಲಿಂದಾಚೆಗೆ ಅವಳಿಗೆ ಹೆಸರಿಲ್ಲ,” ಎಂದಳು ನನ್ನವಳು, ಹೊಳೆಯನ್ನು ತೋರಿಸಿ.

“ಹಾಗಾದ್ರೆ ಹೆಸರು ಹೋದ್ರೆ ಹೋಗ್ಲಿ ಅಂತೀಯಾ?”

“ಅಲ್ಲ ಕಣ್ರೀ. ಅವಳಾಗೇ ಕೊಟ್ಟಳು. ಕೊಡೋದಕ್ಕೂ ಕಿತ್ಕೊಳೋದಕ್ಕೂ ವ್ಯತ್ಯಾಸ ಇಲ್ವಾ?”

ಅವಳ ಈ ಮಾತನ್ನು ಮಾದೇಶನಿಗೆ ಹೇಳಿದೆ, ಅವನು ಅದನ್ನೇ ವಕೀಲರ ಭಾಷೆಯಲ್ಲಿ ಬರೆದ. ಗಂಡ ಹೆಂಡತಿಗಾಗಿ ನೋಂದಾಯಿಸಿದ್ದು, ಅಲ್ಲಿ ಎಣ್ಣೆಯೂ ಇಲ್ಲ, ಜಾಹೀರಾತೂ ಇಲ್ಲ, ಇರುವುದು ಬರೀ ನೀರು. ಜೊತೆಗೆ ಅವಳು ಬರೆದ ಬಣ್ಣಗಳನ್ನೆಲ್ಲ ಲಗತ್ತಿಸಿದ. ಕೆಲವು ವಾರಗಳ ನಂತರ ತೀರ್ಮಾನ ಬಂತು: ಮೋಸದ ಉದ್ದೇಶವಿಲ್ಲ, ಲಾಭದ ಬಳಕೆಯಲ್ಲ, ದೂರು ವಜಾ. ಫೋನಿನಲ್ಲಿ ಅದನ್ನು ಕೇಳಿದ ಕಪಿಲೆ ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತಲೇ ನಿಂತಿದ್ದಳು.

ಬೀಗ ಬಿಚ್ಚಿದ ದಿನವೇ ವಿಳಾಸವನ್ನು ಅವಳ ಹೆಸರಿಗೆ ಮಾಡಿದೆ. ಇಷ್ಟು ಹೋರಾಡಿದ್ದಕ್ಕೆ ನನಗೂ ಒಂದು ಸಾಲು ಬರೆಯುವ ಆಸೆಯಾಯಿತು. ಒಪ್ಪಿದಳು. ಸೋಪಾನಕಟ್ಟೆಯಲ್ಲಿ ಬಹಳ ಹೊತ್ತು ಕುಳಿತು, ‘ಇವತ್ತು ನೀರು ಹಸಿರು’ ಎಂದು ಬರೆದೆ.

“ಯಾವ ಹಸಿರು?” ಎಂದಳು.

ಮತ್ತೆ ಹೊಳೆಯ ಕಡೆ ತಿರುಗಿದೆ. ಅಷ್ಟರಲ್ಲಿ ಅದು ಬೇರೇನೋ ಆಗಿತ್ತು. ನನ್ನ ಸಾಲನ್ನು ಅಳಿಸಿಹಾಕಿದಳು. ಇದರ ಮೇಲೆ ಅಪೀಲು ಎಲ್ಲಿ ಹಾಕಬೇಕೆಂದು ಮಾದೇಶನಿಗೆ ಫೋನು ಮಾಡಿದೆ. “ಯಾವ ಕೋರ್ಟಲ್ಲೂ ಆಗಲ್ಲ ಅಣ್ಣ,” ಎಂದ. “ಓನರು ಅವರು.”