ಎಲ್ಲರಿಗೂ ಸಮಾನ ದೂರದ ಸ್ಟಾಪು

ನಮ್ಮ ಕಾಕಾ ಜನ್ಮದಲ್ಲಿ ಯಾರೊಬ್ಬರಿಗೂ ಅನ್ಯಾಯ ಮಾಡಿದವರಲ್ಲ. ಹೀಗಾಗಿ ಅವರಿಂದ ತ್ರಾಸು ಪಡದವರು ನಮ್ಮ ಸೀಮೆಯಲ್ಲಿ ಯಾರೂ ಉಳಿಯಲಿಲ್ಲ!

ಕಾಗವಾಡದಿಂದ ಮಿರಜಿಗೆ ಆಗ ಎರಡೂ ರಾಜ್ಯಗಳ ಬಸ್ಸು ಓಡುತ್ತಿದ್ದವು. ಕಾಕಾ ಒಮ್ಮೆ ಕರ್ನಾಟಕದ್ದು ಹತ್ತಿದರೆ ಮುಂದಿನ ಸಲ ಮಹಾರಾಷ್ಟ್ರದ್ದೇ ಆಗಬೇಕು. ಸರದಿಯಲ್ಲದ ಬಸ್ಸು ಎದುರು ನಿಂತರೆ ಕೈಮುಗಿದು ಕಳಿಸಿಬಿಡುವರು. ಹೀಗೆ ಧರ್ಮ ಪಾಲಿಸಿ ಸ್ವಂತ ಮೈದುನನ ಮದುವೆಗೆ ತಲುಪಿದಾಗ ಹಂದರ ಬಿಚ್ಚುತ್ತಿದ್ದರು.

ನಮ್ಮ ಕಡೆಯ ಮೂರು ಊರು, ಒಂದು ಕುರಿಗಾರರ ವಸ್ತಿ, ಇಷ್ಟಕ್ಕೂ ಸೇರಿ ಒಂದೇ ಸ್ಟಾಪು, ಜಾಗ ನೀವೇ ಗೊತ್ತುಮಾಡಿ ಎಂದರು ಬಸ್ಸಿನ ಸಾಹೇಬರು. ಎರಡು ಊರು ಈ ರಾಜ್ಯದವು, ಒಂದು ಆ ರಾಜ್ಯದ್ದು. ವಸ್ತಿ ಯಾವ ರಾಜ್ಯದ್ದೆಂದು ಕುರಿಗಳಿಗೂ ಖಾತ್ರಿಯಿರಲಿಲ್ಲ. ಅಲ್ಲಿಯವರೆಗೆ ಬಸ್ಸು ನಿಲ್ಲುತ್ತಿದ್ದದ್ದು ಕಾಕಾನ ಮನೆ ಮುಂದೆ. ಇಂಥ ಭಾಗ್ಯವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಕಾಕಾ ಬಿಟ್ಟರು! ಎಲ್ಲರನ್ನೂ ಕೂಡಿಸಿ ಕಮಿಟಿ ಮಾಡಿ, ತಾವೇ ಅಧ್ಯಕ್ಷರಾದರು.

ಅಳತೆ ಶುರುವಾಯಿತು. ಒಂದು ಊರಿನವರು ಬಾವಿಯ ಹಗ್ಗ ತಂದರು, ಇನ್ನೊಂದು ಊರಿನವರು ಸೈಕಲ್ ಗಾಲಿ ಉರುಳಿಸಿದರು, ಮೂರನೆಯವರು ಹೆಜ್ಜೆಯನ್ನು ಮರಾಠಿಯಲ್ಲಿ ಎಣಿಸಿದರು. ಇವೆಲ್ಲ ಕೂಡಿ ಒಂದು ಲೆಕ್ಕ ಹೇಗಾಯಿತೋ ನನಗಂತೂ ಇಂದಿಗೂ ತಿಳಿದಿಲ್ಲ. ಕಡೆಗೆ ಸ್ಟಾಪು ಬಿದ್ದದ್ದು ಕಬ್ಬಿನ ಹೊಲಗಳ ನಟ್ಟನಡುವೆ, ಎಲ್ಲರಿಂದಲೂ ಸಮಾನ ದೂರದಲ್ಲಿ!

"ಕಾಕಾ, ಇಲ್ಲಿ ಒಂದ ಮನೀನೂ ಇಲ್ಲಲ್ರಿ?" ಎಂದೆ.

"ಅದಕ್ಕ ಯಾರದೂ ತಕರಾರಿಲ್ಲ ನೋಡು!"

ಕಬ್ಬು ಆಳೆತ್ತರ ಬೆಳೆಯಿತು. ಡ್ರೈವರನಿಗೆ ಜನ ಕಾಣರು, ಜನರಿಗೆ ಬಸ್ಸು ಕಾಣದು. ಕಾಕಾ ತಮ್ಮ ಕೆಂಪು ರುಮಾಲನ್ನು ಬಿದಿರಿಗೆ ಕಟ್ಟಿ ನಿಲ್ಲಿಸಿದರು. ಕೆಂಪು ಬಟ್ಟೆ ಕಂಡು, ಮುಂದೆ ರಸ್ತೆ ಕಿತ್ತಿದೆಯೆಂದು ತಿಳಿದ ಡ್ರೈವರ್ ಬಸ್ಸನ್ನು ಕಾಗವಾಡಕ್ಕೇ ತಿರುಗಿಸಿಬಿಟ್ಟ!

ಇದರಲ್ಲಿ ಬವಣೆಪಟ್ಟವಳು ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಮೊಣಕಾಲು ನೋವು, ವಾರಕ್ಕೊಮ್ಮೆ ಮಿರಜಿನ ಡಾಕ್ಟರರ ಬಳಿ ಹೋಗಲೇಬೇಕು. "ಬಾಗಲದಾಗ ನಿಲ್ಲೋ ಬಸ್ ದೂರ ಅಟ್ಟಿದ ಪುಣ್ಯಾತ್ಮ!" ಎಂದು ದಾರಿಯುದ್ದಕ್ಕೂ ಬೈಯುತ್ತ ಕುಂಟುವಳು. ಹಿಂದೆ ತಲೆಯ ಮೇಲೆ ಸ್ಟೂಲು ಹೊತ್ತು ಕಾಕಾ. ಗಿಡದ ನೆರಳು ಬಂದಲ್ಲೆಲ್ಲ ಸ್ಟೂಲು ಇಳಿಸಿ ಅವಳನ್ನು ಕೂರಿಸುವರು.

"ಅಧ್ಯಕ್ಷರ ಕುರ್ಚಿ ಹೊಂಟೈತಿ, ದಾರಿ ಬಿಡ್ರೋ!" ಎಂದು ಜನ ನಗುತ್ತಿದ್ದರು.

ಸ್ಟಾಪಿನಲ್ಲಿ ವಸ್ತಿಯ ಮುದುಕಿಯೊಬ್ಬಳು ಬೆಣ್ಣೆಯ ಗಡಿಗೆಯೊಂದಿಗೆ ನೆಲದ ಮೇಲೆ ಕೂತಿರುತ್ತಿದ್ದಳು. ಮೊದಲೆಲ್ಲ ಅವಳು ನಮ್ಮೂರು ಮುಟ್ಟುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅವಳೂ ಚಿಗವ್ವನೂ ಎಲೆ ಅಡಿಕೆ ಹಂಚಿಕೊಂಡು ಕಾಕಾನನ್ನು ಜೋಡಿಯಾಗಿ ಬೈಯುತ್ತಿದ್ದರು.

ನಡೆದು ಬೇಸತ್ತ ಊರವರು ಕಾಕಾನ ಮನೆಯಲ್ಲಿ ಸಭೆ ಸೇರಿದರು. ಸ್ಟಾಪು ಮೊದಲಿನಂತೆ ಈ ಮನೆ ಮುಂದೆಯೇ ಆಗಲಿ, ಒಪ್ಪುವವರು ಕೈ ಎತ್ತಿ ಎಂದರು. ಮೊದಲು ಎದ್ದ ಕೈ ಕಾಕಾನದು! ನಾನು ತಬ್ಬಿಬ್ಬಾದೆ.

"ನ್ಯಾಯ ಎಲ್ಲಿ ಹೋತ್ರಿ ಕಾಕಾ?"

"ಆಕಿ ಮೊಣಕಾಲ ಇನ್ನ ತಡಿಯೂದಿಲ್ಲೋ," ಎಂದರು, ಯಾರ ಮುಖವನ್ನೂ ನೋಡದೆ.

ಬಾಗಿಲ ಮರೆಯಿಂದ ಚಿಗವ್ವನ ಗುಡುಗು: "ಕೈ ಇಳಸ್ರಿ ಮೊದಲ! ಆ ಮುದುಕಿ ಮತ್ತ ಇಲ್ಲೀತನಕ ನಡೀಬೇಕೇನು?"

ಅಧ್ಯಕ್ಷರ ಕೈ ಇಳಿಯಿತು. ಸ್ಟಾಪು ಕಬ್ಬಿನಲ್ಲೇ ಉಳಿಯಿತು.

ಮುಂದಿನ ವಾರ ಮಿರಜಿಗೆ ಹೊರಟಾಗ ಕಾಕಾನ ತಲೆಯ ಮೇಲೊಂದು ಸ್ಟೂಲು, ಕಂಕುಳಲ್ಲಿ ಇನ್ನೊಂದು.

"ಎರಡ ಯಾಕ್ರಿ?" ಎಂದಳು ಚಿಗವ್ವ.

"ನೀ ಸ್ಟೂಲಿನ ಮ್ಯಾಲ, ಮುದುಕಿ ನೆಲದ ಮ್ಯಾಲ. ಅನ್ಯಾಯ ಅಲ್ಲೇನು?"

ಅಂದು ಚಿಗವ್ವ ಬೈಯಲಿಲ್ಲ. ಅವರ ಹೆಗಲ ಮೇಲೆ ಕೈಯೂರಿ, "ಸಾವಕಾಶ ನಡೀರಿ," ಎಂದಳು.